ಒಕ್ಕೂಟ ಸೇರಿದ ಮಾತ್ರಕ್ಕೆ ಹೆಣ್ಣು ಗಂಡು ಸಮಾನರಾಗುತ್ತಾರೆಯೇ?

ಪ್ರಶ್ನೆ: ಐರೋಪ್ಯ ಒಕ್ಕೂಟದಂತಹ ರಾಜಕೀಯ ಕೂಟದ ಸದಸ್ಯತ್ವದಿಂದ ಒಂದು ದೇಶದಲ್ಲಿ ಲಿಂಗ ಸಮಾನತೆ ನಿಜಕ್ಕೂ ಸುಧಾರಿಸುತ್ತದೆಯೇ? ಒಕ್ಕೂಟದ ಹೊರಗಿರುವ ಐಸ್‌ಲ್ಯಾಂಡ್, ನಾರ್ವೆ ದೇಶಗಳು ಸಮಾನತೆಯ ಪಟ್ಟಿಗಳಲ್ಲಿ ಸದಾ ಮೇಲಿರುತ್ತವೆ; ಒಳಗಿರುವ ಹಂಗೇರಿ, ರೊಮೇನಿಯಾಗಳು ಕೆಳಗಿರುತ್ತವೆ. ಹಾಗಿದ್ದರೆ ಸದಸ್ಯತ್ವದಿಂದ ಆದದ್ದೇನು?

ಉತ್ತರ: ನೀವು ಗಮನಿಸಿರುವುದು ಸರಿಯಾಗಿದೆ, ಆದರೆ ಹೋಲಿಕೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಹಂಗೇರಿಯನ್ನು ಐಸ್‌ಲ್ಯಾಂಡ್‌ನ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುವುದು ಆ ಎರಡು ಸಮಾಜಗಳು ನಡೆದು ಬಂದ ದಾರಿಯೇ ಹೊರತು ಸದಸ್ಯತ್ವದ ಫಲವಲ್ಲ. ಐಸ್‌ಲ್ಯಾಂಡ್‌ನ ಮಹಿಳೆಯರಲ್ಲಿ ಸುಮಾರು ಶೇ. 90ರಷ್ಟು ಮಂದಿ 1975ರ ಅಕ್ಟೋಬರ್ 24ರಂದು ಕಚೇರಿ, ಕಾರ್ಖಾನೆ, ಮನೆಗೆಲಸ ಎಲ್ಲವನ್ನೂ ಬಿಟ್ಟು ಬೀದಿಗಿಳಿದಿದ್ದರು. ಅದಕ್ಕೆ ಯಾವ ಒಕ್ಕೂಟದ ಪ್ರೇರಣೆಯೂ ಬೇಕಾಗಿರಲಿಲ್ಲ. ಅಲ್ಲದೆ ಐಸ್‌ಲ್ಯಾಂಡ್ ಮತ್ತು ನಾರ್ವೆ ಪೂರ್ತಿ ಹೊರಗಿರುವ ದೇಶಗಳೂ ಅಲ್ಲ. 1994ರಲ್ಲಿ ಜಾರಿಗೆ ಬಂದ ಐರೋಪ್ಯ ಆರ್ಥಿಕ ವಲಯದ ಒಪ್ಪಂದದ ಮೂಲಕ, ಉದ್ಯೋಗದಲ್ಲಿ ಸಮಾನತೆಗೆ ಸಂಬಂಧಿಸಿದ ಒಕ್ಕೂಟದ ಕಾನೂನುಗಳನ್ನು ಅವೂ ಒಪ್ಪಿಕೊಂಡಿವೆ. ಕೇಳಬೇಕಾದ ಪ್ರಶ್ನೆ, ಅದೇ ಹಂಗೇರಿ, ಅದೇ ಐರ್ಲೆಂಡ್, ಅದೇ ಬೆಲ್ಜಿಯಂ ಒಕ್ಕೂಟದಲ್ಲಿ ಇಲ್ಲದೆ ಹೋಗಿದ್ದರೆ ಹೇಗಿರುತ್ತಿದ್ದವು ಎಂಬುದು. ಅದಕ್ಕೆ ಉತ್ತರ ಸಿಗುವುದು ಪಟ್ಟಿಗಳಲ್ಲಿ ಅಲ್ಲ, ಪ್ರಕರಣಗಳಲ್ಲಿ.

ಮೊದಲಿಗೆ ಒಂದು ಭ್ರಮೆಯನ್ನು ಬಿಡಬೇಕಾಗುತ್ತದೆ. ಇಂದಿನ ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದ 119ನೆಯ ವಿಧಿಯಲ್ಲಿ ಸಮಾನ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಸಮಾನ ವೇತನ ನೀಡಬೇಕೆಂಬ ಮಾತು ಸೇರಿದ್ದು ಸ್ತ್ರೀಯರ ಮೇಲಿನ ಕಾಳಜಿಯಿಂದಲ್ಲ. ಫ್ರಾನ್ಸ್‌ನಲ್ಲಿ ಅಂತಹ ನಿಯಮ ಆಗಲೇ ಇತ್ತು. ನೆರೆಯ ದೇಶಗಳು ಹೆಂಗಸರನ್ನು ಕಡಿಮೆ ಕೂಲಿಗೆ ದುಡಿಸಿಕೊಂಡು ಅಗ್ಗದ ಬಟ್ಟೆಯನ್ನು ತನ್ನ ಮಾರುಕಟ್ಟೆಗೆ ತಂದು ಸುರಿದರೆ ತನ್ನ ಗಿರಣಿಗಳ ಗತಿಯೇನು ಎಂಬುದು ಅದರ ಚಿಂತೆಯಾಗಿತ್ತು. ವ್ಯಾಪಾರದ ಲೆಕ್ಕಾಚಾರದಿಂದ ಹುಟ್ಟಿದ ಆ ವಿಧಿಯನ್ನು ಸಹಿ ಹಾಕಿದ ಆರು ದೇಶಗಳು ಕಪಾಟಿನಲ್ಲಿಟ್ಟು ಮರೆತವು. 1962ರ ಆರಂಭದೊಳಗೆ ಜಾರಿಯಾಗಬೇಕಿದ್ದದ್ದು 1964ರ ಕೊನೆಗೆ ಮುಂದೂಡಲ್ಪಟ್ಟಿತು. ಆ ಗಡುವೂ ಕಳೆಯಿತು.

ಕಪಾಟಿನಿಂದ ಅದನ್ನು ಹೊರಗೆಳೆದವರು ಬೆಲ್ಜಿಯಂನ ಎರ್ಸ್ಟಾಲ್ ಎಂಬ ಊರಿನ ಶಸ್ತ್ರಾಸ್ತ್ರ ಕಾರ್ಖಾನೆಯ ಹೆಂಗಸರು. ಎಣ್ಣೆ, ಸದ್ದು, ಲೋಹದ ಚೂರುಗಳ ನಡುವೆ ಯಂತ್ರಗಳ ಮುಂದೆ ನಿಂತು ದುಡಿಯುತ್ತಿದ್ದ ಇವರಿಗೆ, ಎಷ್ಟೇ ವರ್ಷ ಕೆಲಸ ಮಾಡಿದರೂ ಗಂಡಸರ ವೇತನ ಶ್ರೇಣಿ ಕೈಗೆಟುಕುತ್ತಿರಲಿಲ್ಲ. 1966ರ ಫೆಬ್ರವರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿ, ಹನ್ನೆರಡು ವಾರ ಮುಷ್ಕರ ಹೂಡಿದರು. ದೂರದ ರೋಮ್‌ನಲ್ಲಿ ರಾಜತಾಂತ್ರಿಕರು ಬರೆದಿಟ್ಟ ವಿಧಿಯೊಂದು ಕಾರ್ಖಾನೆಯ ಗೇಟಿನ ಮುಂದೆ ಘೋಷಣೆಯಾದದ್ದು ಹೀಗೆ. ಅವರು ಕೇಳಿದಷ್ಟು ಏರಿಕೆ ಸಿಗಲಿಲ್ಲ. ಆದರೆ ಆ ವಿಧಿಗೆ ನಿಜವಾದ ಕಾನೂನಿನ ಬಲ ಇದೆಯೇ ಎಂಬ ಪ್ರಶ್ನೆ ಎದ್ದು ನಿಂತಿತು. ಅದರ ಬೆನ್ನು ಹತ್ತಿದವರು ಎಲಿಯಾನ್ ವೊಗೆಲ್-ಪೋಲ್ಸ್ಕಿ ಎಂಬ ಬೆಲ್ಜಿಯಂನ ವಕೀಲೆ.

ಅವರಿಗೆ ಕಕ್ಷಿದಾರಳಾಗಿ ದೊರೆತವರು ಸಬೆನಾ ವಿಮಾನ ಸಂಸ್ಥೆಯ ಗಗನಸಖಿ ಗೇಬ್ರಿಯಲ್ ಡೆಫ್ರೆನ್. ಅದೇ ವಿಮಾನದಲ್ಲಿ, ಅದೇ ಪ್ರಯಾಣಿಕರಿಗೆ, ಅದೇ ಸೇವೆ ಮಾಡುತ್ತಿದ್ದ ಗಂಡಸರಿಗೆ ಹೆಚ್ಚಿನ ಸಂಬಳವಿತ್ತು. ಹೆಂಗಸರ ಕರಾರಿನಲ್ಲಿ ಮಾತ್ರ, ನಲವತ್ತು ತುಂಬಿದೊಡನೆ ಕೆಲಸ ಮುಗಿಯುತ್ತದೆ ಎಂಬ ಷರತ್ತಿತ್ತು. ಅದರಂತೆ 1968ರ ಫೆಬ್ರವರಿಯಲ್ಲಿ ಡೆಫ್ರೆನ್ ಅವರನ್ನು ಮನೆಗೆ ಕಳುಹಿಸಲಾಯಿತು. ಅವರ ಹೋರಾಟ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯವನ್ನು ಮೂರು ಸಲ ತಲುಪಿತು. ಮೊದಲ ಪ್ರಕರಣದಲ್ಲಿ, 1971ರಲ್ಲಿ, ಶಾಸನಬದ್ಧ ಪಿಂಚಣಿಯು ವೇತನದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಎರಡನೆಯದರಲ್ಲಿ, 1976ರ ಏಪ್ರಿಲ್ 8ರಂದು, ಅವರು ಗೆದ್ದರು: ಸಮಾನ ವೇತನದ ವಿಧಿಯನ್ನು ಯಾವ ಪ್ರಜೆಯೇ ಆಗಲಿ ತನ್ನ ದೇಶದ ನ್ಯಾಯಾಲಯದಲ್ಲಿ ನೇರವಾಗಿ ಮುಂದಿಡಬಹುದು, ಸರ್ಕಾರ ಕಾನೂನು ಮಾಡಿಲ್ಲ ಎಂಬುದು ನೆಪವಾಗಲಾರದು, ಖಾಸಗಿ ಮಾಲೀಕನೂ ಅದಕ್ಕೆ ಬದ್ಧ. ಮೂರನೆಯದರಲ್ಲಿ, 1978ರಲ್ಲಿ, ನಲವತ್ತರ ಷರತ್ತಿನ ಬಗ್ಗೆ ಕೇಳಿದಾಗ ಮತ್ತೆ ಸೋತರು, ಏಕೆಂದರೆ ಆ ವಿಧಿ ವೇತನದ ಬಗ್ಗೆ ಮಾತ್ರ ಹೇಳುತ್ತಿತ್ತು, ಕೆಲಸದಿಂದ ತೆಗೆಯುವುದರ ಬಗ್ಗೆ ಅಲ್ಲ. ಗೆದ್ದ ತೀರ್ಪಿಗೂ ಒಂದು ಬಾಲವಿತ್ತು. ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಇದರ ಹೊರೆಯನ್ನು ತಮ್ಮ ಆರ್ಥಿಕತೆ ತಾಳಲಾರದು ಎಂದು ವಾದಿಸಿದ್ದರಿಂದ, ಆಗಲೇ ಮೊಕದ್ದಮೆ ಹೂಡಿದ್ದವರನ್ನು ಬಿಟ್ಟರೆ ಇನ್ನಾರೂ ಹಿಂದಿನ ಬಾಕಿ ಕೇಳುವಂತಿಲ್ಲ ಎಂದು ನ್ಯಾಯಾಲಯ ಮಿತಿ ಹಾಕಿತು. ನ್ಯಾಯ ಯಾವುದೆಂದು ತಿಳಿದಿದ್ದರೂ ಖರ್ಚು ನೋಡಿ ಹಿಂಜರಿದ ಈ ಪ್ರಸಂಗವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಸದಸ್ಯತ್ವ ಕೆಲಸ ಮಾಡುವ ಬಗೆ ಇದೇ ಎಂದು ನನ್ನ ಅಭಿಪ್ರಾಯ. ಒಕ್ಕೂಟವು ಒಂದು ದೇಶದ ಹೆಂಗಸರಿಗೆ ಸಮಾನತೆಯನ್ನು ತಂದು ಕೊಡುವುದಿಲ್ಲ. ತನ್ನ ದೇಶದ ಬಾಗಿಲು ಮುಚ್ಚಿದಾಗ ತಟ್ಟಲು ಇನ್ನೊಂದು ಬಾಗಿಲನ್ನು ಕೊಡುತ್ತದೆ. ತಟ್ಟುವವರು ದೇಶದ ಒಳಗೇ ಹುಟ್ಟಬೇಕು.

1970ರ ದಶಕದಲ್ಲಿ ಸಮಾನ ವೇತನ, ಉದ್ಯೋಗದಲ್ಲಿ ಸಮಾನ ಅವಕಾಶ, ಸಾಮಾಜಿಕ ಭದ್ರತೆ ಕುರಿತ ಮೂರು ನಿರ್ದೇಶನಗಳು (ಸದಸ್ಯ ರಾಷ್ಟ್ರಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲೇಬೇಕಾದ ಒಕ್ಕೂಟದ ನಿಯಮಗಳು) ಬಂದ ಮೇಲೆ ಆ ಬಾಗಿಲು ಅಗಲವಾಯಿತು. ಇದರ ಪರಿಣಾಮ ಚೆನ್ನಾಗಿ ಕಾಣುವುದು ಬ್ರಿಟನ್‌ನಲ್ಲಿ. 1968ರಲ್ಲಿ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದ ಹೆಂಗಸರ ಮುಷ್ಕರದಿಂದ ಪ್ರೇರಣೆ ಪಡೆದು ಬ್ರಿಟನ್ 1970ರಲ್ಲಿ ತಾನೇ ಸಮಾನ ವೇತನದ ಕಾಯ್ದೆ ಮಾಡಿಕೊಂಡಿತ್ತು. ಆದರೆ ಆ ಕಾಯ್ದೆಯ ಪ್ರಕಾರ, ಗಂಡಸು ಮಾಡುವಂಥದ್ದೇ ಕೆಲಸವನ್ನು ಹೆಂಗಸು ಮಾಡುತ್ತಿರಬೇಕು, ಇಲ್ಲವೇ ಎರಡೂ ಕೆಲಸಗಳು ಸಮವೆಂದು ಮಾಲೀಕನ ಮೌಲ್ಯಮಾಪನದಲ್ಲೇ ತೀರ್ಮಾನವಾಗಿರಬೇಕು. ಅಂತಹ ಮೌಲ್ಯಮಾಪನ ನಡೆಸುವುದೋ ಬಿಡುವುದೋ ಮಾಲೀಕನ ಇಷ್ಟ. ಹೆಂಗಸರೇ ತುಂಬಿರುವ ಕೆಲಸಗಳಲ್ಲಿ ಹೋಲಿಸಲು ಗಂಡಸು ಎಲ್ಲಿಂದ ಬರಬೇಕು? ಇದು ಸಾಲದು ಎಂದು 1982ರಲ್ಲಿ ಲಕ್ಸೆಂಬರ್ಗ್ ನ್ಯಾಯಾಲಯ ಹೇಳಿತು, ಮರುವರ್ಷ ಬ್ರಿಟನ್ ಮನಸ್ಸಿಲ್ಲದ ಮನಸ್ಸಿನಿಂದ ಕಾನೂನನ್ನು ತಿದ್ದಿತು. ಆ ತಿದ್ದುಪಡಿಯನ್ನು ಹಿಡಿದು ಹೊರಟವರು ಹಡಗುಕಟ್ಟೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಜೂಲಿ ಹೇವರ್ಡ್. ತನ್ನ ಅಡುಗೆಯ ಕೆಲಸ ಅದೇ ಕಟ್ಟೆಯ ಬಡಗಿ, ಬಣ್ಣ ಬಳಿಯುವವ ಮತ್ತು ಶಾಖನಿರೋಧಕ ಹೊದಿಕೆ ಹಾಕುವವನ ಕೆಲಸದಷ್ಟೇ ಬೆಲೆಯುಳ್ಳದ್ದು ಎಂಬುದು ಅವರ ವಾದ. ಕಂಪನಿಯು ಊಟದ ವಿರಾಮಕ್ಕೂ ಸಂಬಳವಿದೆ, ಅನಾರೋಗ್ಯದ ಸೌಲಭ್ಯ ಉತ್ತಮವಾಗಿದೆ, ಎಲ್ಲ ಕೂಡಿಸಿದರೆ ಸರಿಹೋಗುತ್ತದೆ ಎಂದು ಲೆಕ್ಕ ಒಪ್ಪಿಸಿತು. 1988ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಲೆಕ್ಕವನ್ನು ಒಪ್ಪಲಿಲ್ಲ: ಕರಾರಿನ ಒಂದೊಂದು ಅಂಶವೂ ಸಮನಾಗಿರಬೇಕು, ಒಂದು ಕಡೆ ಕಿತ್ತು ಇನ್ನೊಂದು ಕಡೆ ತುಂಬುವಂತಿಲ್ಲ. ಬಾಣಲೆಯನ್ನೂ ಉಳಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಹುದು ಎಂಬ ಈ ವಿಚಾರ ಬ್ರಿಟನ್ನಿನ ಕಾನೂನಿಗೆ ಸದಸ್ಯತ್ವದ ಮೂಲಕವೇ ಬಂದದ್ದು.

ಇಂತಹವು ಇನ್ನೂ ಹಲವಿವೆ. ಗರ್ಭಿಣಿ ಎಂಬ ಕಾರಣಕ್ಕೆ ಕೆಲಸ ನಿರಾಕರಿಸುವುದು ನೇರ ಲಿಂಗ ತಾರತಮ್ಯ ಎಂಬುದು ಡಚ್ ಮಹಿಳೆಯೊಬ್ಬರ ಪ್ರಕರಣದಲ್ಲಿ 1990ರಲ್ಲಿ ತೀರ್ಮಾನವಾಯಿತು. ಶಸ್ತ್ರ ಹಿಡಿಯುವ ಸೇವೆಯಿಂದ ಮಹಿಳೆಯರನ್ನು ದೂರವಿಟ್ಟಿದ್ದ ಜರ್ಮನಿ ತಾನ್ಯಾ ಕ್ರೈಲ್ ಅವರ ಪ್ರಕರಣದಲ್ಲಿ 2000ದ ತೀರ್ಪು ಬಂದ ಮೇಲೆ ತನ್ನ ಸಂವಿಧಾನವನ್ನೇ ತಿದ್ದಬೇಕಾಯಿತು. ಕನಿಷ್ಠ 14 ವಾರಗಳ ಹೆರಿಗೆ ರಜೆ 1992ರಲ್ಲಿ, ತಂದೆಗೆ ಹತ್ತು ಕೆಲಸದ ದಿನಗಳ ರಜೆ 2019ರಲ್ಲಿ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಕಡ್ಡಾಯವಾದವು. ಸ್ವೀಡನ್ನಿನವರಿಗೆ ಇವು ಹೊಸತೇನಲ್ಲ. ಏನೂ ಇಲ್ಲದಿದ್ದ ದೇಶಗಳಿಗೆ ಇವು ನೆಲಗಟ್ಟು.

ಸದಸ್ಯತ್ವಕ್ಕಿಂತಲೂ ಸದಸ್ಯತ್ವದ ಆಸೆ ಹೆಚ್ಚು ಪ್ರಬಲ ಎಂಬುದು ಇಲ್ಲಿ ಹೇಳಲೇಬೇಕಾದ ಮಾತು. ಹೊಸ್ತಿಲಲ್ಲಿ ನಿಂತ ದೇಶವು ಒಕ್ಕೂಟದ ಇಡೀ ಕಾನೂನು ರಾಶಿಯನ್ನು ತನ್ನದಾಗಿಸಿಕೊಳ್ಳಬೇಕು, ಮತ್ತು ಆಗ ಸರ್ಕಾರದ ಮೇಲೆ ಬೀಳುವ ಒತ್ತಡ ಮುಂದೆಂದೂ ಬೀಳುವುದಿಲ್ಲ. ಟರ್ಕಿ 2004ರಲ್ಲಿ ಹೊಸ ದಂಡ ಸಂಹಿತೆ ರೂಪಿಸುತ್ತಿದ್ದಾಗ, ಅಲ್ಲಿನ ಮಹಿಳಾ ಸಂಘಟನೆಗಳು ವರ್ಷಗಳ ಕಾಲ ಹೋರಾಡಿ ವೈವಾಹಿಕ ಅತ್ಯಾಚಾರವನ್ನು ಅಪರಾಧವೆಂದು ಸೇರಿಸುವಲ್ಲಿ ಯಶಸ್ವಿಯಾದವು. ಕೊನೆಯ ಗಳಿಗೆಯಲ್ಲಿ ಸರ್ಕಾರ ವ್ಯಭಿಚಾರವನ್ನು ಶಿಕ್ಷಾರ್ಹಗೊಳಿಸಲು ಹೊರಟಾಗ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಬಂದ ಎಚ್ಚರಿಕೆ ಸಾಕಾಯಿತು, ಪ್ರಸ್ತಾಪ ಹಿಂದಕ್ಕೆ ಸರಿಯಿತು. ಮರುವರ್ಷ ಶುರುವಾದ ಸೇರ್ಪಡೆಯ ಮಾತುಕತೆಗಳು ಬರಬರುತ್ತಾ ನಿಂತ ನೀರಾದವು, ಆಸೆ ಬತ್ತಿತು. 2021ರಲ್ಲಿ ಅದೇ ಟರ್ಕಿ, ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಇಸ್ತಾಂಬುಲ್ ಒಡಂಬಡಿಕೆಯಿಂದ, ತನ್ನದೇ ನಗರದ ಹೆಸರು ಹೊತ್ತ ಒಡಂಬಡಿಕೆಯಿಂದ, ಅಧ್ಯಕ್ಷರ ಒಂದು ಆದೇಶದ ಮೂಲಕ ಹೊರಬಂದಿತು. ಒಳಗೆ ಬಂದವರ ಕಥೆ ಬೇರೆ ತರಹ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ, ಸದಸ್ಯತ್ವ ಸಿಕ್ಕ ಮೇಲೆ ಹಲವು ಸರ್ಕಾರಗಳ ಉತ್ಸಾಹ ಇಳಿಯುತ್ತದೆ. ಆದರೂ ಕಟ್ಟುಪಾಡು ಪೂರ್ತಿ ಸಡಿಲವಾಗುವುದಿಲ್ಲ: 1973ರಲ್ಲಿ ಸೇರಿದ ಐರ್ಲೆಂಡ್, ಕೆಲವೇ ವರ್ಷಗಳಲ್ಲಿ ಸಮಾನ ವೇತನದ ನಿರ್ದೇಶನದಿಂದ ವಿನಾಯಿತಿ ಕೇಳಿದಾಗ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಕೊಡಲಿಲ್ಲ.

ಇನ್ನು ಮಿತಿಗಳ ವಿಷಯ. ಮಾರುಕಟ್ಟೆಯ ಬಾಗಿಲಿನಿಂದ ಒಳಬಂದ ಸಮಾನತೆ ಮಾರುಕಟ್ಟೆಯ ಅಂಗಳದಲ್ಲೇ ಬಲವಾಗಿದೆ. ಮನೆಯೊಳಗೆ, ದೇಹದ ವಿಷಯದಲ್ಲಿ, ಅದು ಕೈಕಟ್ಟಿ ನಿಲ್ಲುತ್ತದೆ. ಗರ್ಭಪಾತದ ಕಾನೂನಿಗೆ ಒಕ್ಕೂಟ ಕೈಹಾಕದಂತೆ ಐರ್ಲೆಂಡ್ 1992ರ ಮಾಸ್ಟ್ರಿಕ್ಟ್ ಒಪ್ಪಂದಕ್ಕೂ, ಮಾಲ್ಟಾ ತನ್ನ ಸೇರ್ಪಡೆಯ ಒಪ್ಪಂದಕ್ಕೂ ಪ್ರತ್ಯೇಕ ಅನುಬಂಧ ಸೇರಿಸಿಕೊಂಡವು. ಐರ್ಲೆಂಡ್‌ನ ನಿಷೇಧ ಕೊನೆಗೂ ತೆರವಾದದ್ದು 2018ರ ಜನಮತದಲ್ಲಿ, ಶೇ. 66ರಷ್ಟು ಮತದಾರರ ಕೈಯಿಂದ. 2020ರ ಅಕ್ಟೋಬರ್‌ನಲ್ಲಿ ಪೋಲೆಂಡ್‌ನ ಸಂವಿಧಾನ ನ್ಯಾಯಮಂಡಳಿ ಗರ್ಭಪಾತದ ಅವಕಾಶವನ್ನು ಬಹುಮಟ್ಟಿಗೆ ಮುಚ್ಚಿದಾಗ ಐರೋಪ್ಯ ಸಂಸತ್ತು ಖಂಡನಾ ನಿರ್ಣಯ ಅಂಗೀಕರಿಸಿತು, ಅದಕ್ಕಿಂತ ಹೆಚ್ಚಿನದನ್ನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಒಕ್ಕೂಟವೇ 2023ರಲ್ಲಿ ಇಸ್ತಾಂಬುಲ್ ಒಡಂಬಡಿಕೆಗೆ ಸೇರಿದಾಗಲೂ ಹಂಗೇರಿ, ಬಲ್ಗೇರಿಯಾ, ಸ್ಲೊವಾಕಿಯಾಗಳು ಅದನ್ನು ಅನುಮೋದಿಸಿರಲಿಲ್ಲ. 2024ರಲ್ಲಿ ಮಹಿಳೆಯರ ಮೇಲಿನ ಹಿಂಸೆಯ ಕುರಿತ ಮೊದಲ ನಿರ್ದೇಶನ ಬಂದರೂ, ಸಮ್ಮತಿಯಿಲ್ಲದ ಲೈಂಗಿಕ ಕ್ರಿಯೆ ಅತ್ಯಾಚಾರ ಎಂಬ ಸಮಾನ ವ್ಯಾಖ್ಯೆ ಕರಡಿನಿಂದ ಬಿದ್ದುಹೋಯಿತು. ಅದನ್ನು ತಡೆದವರಲ್ಲಿ ಹಿಂದುಳಿದವೆಂದು ನಾವು ಬೆರಳು ತೋರುವ ದೇಶಗಳಷ್ಟೇ ಇರಲಿಲ್ಲ. ಅದು ಒಕ್ಕೂಟದ ಅಧಿಕಾರ ವ್ಯಾಪ್ತಿಯಲ್ಲಿಲ್ಲ ಎಂದು ಫ್ರಾನ್ಸ್ ಮತ್ತು ಜರ್ಮನಿಯೂ ವಾದಿಸಿದವು.

ಕೂಟವೊಂದು ಎಷ್ಟು ದೂರ ಕೈಚಾಚಬಲ್ಲದು ಎಂಬುದು ಅದು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ನಿಂತಿದೆ. ಸ್ವಿಟ್ಜರ್‌ಲ್ಯಾಂಡ್ ಕೂಡ ಪ್ರಾಂತಗಳ ಒಂದು ಕೂಟವೇ. ಆದರೆ ಅದಕ್ಕೆ ಸಂವಿಧಾನವಿದೆ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪ್ರಾಂತದ ಗಂಡಸರು 1990ರ ಏಪ್ರಿಲ್‌ನಲ್ಲಿ ಬಯಲಲ್ಲಿ ಸಭೆ ಸೇರಿ, ಕೈಯೆತ್ತಿ, ಹೆಂಗಸರಿಗೆ ಪ್ರಾಂತೀಯ ಮತದಾನದ ಹಕ್ಕು ಬೇಡವೆಂದು ಮತ್ತೊಮ್ಮೆ ತೀರ್ಮಾನಿಸಿದರು. ಅದೇ ನವೆಂಬರ್‌ನಲ್ಲಿ ಕೇಂದ್ರದ ಸರ್ವೋಚ್ಚ ನ್ಯಾಯಾಲಯ ಅವರ ತೀರ್ಮಾನವನ್ನು ಬದಿಗೆ ಸರಿಸಿ ಹಕ್ಕನ್ನು ಕೊಡಿಸಿತು. ಐರೋಪ್ಯ ಒಕ್ಕೂಟಕ್ಕೆ ಅಂತಹ ಕೈಯಿಲ್ಲ.

ಬಿಗಿಯಾದ ಕೂಟ ಯಾವಾಗಲೂ ಹೆಣ್ಣಿನ ಪರವೇ ಎಂದೂ ಭಾವಿಸಬಾರದು. 1990ರಲ್ಲಿ ಪೂರ್ವ ಜರ್ಮನಿ ಪಶ್ಚಿಮದೊಡನೆ ಒಂದಾದಾಗ, ಪೂರ್ವದ ಹೆಂಗಸರಲ್ಲಿ ಬಹುತೇಕರು ದುಡಿಯುತ್ತಿದ್ದರು, ಶಿಶುವಿಹಾರಗಳು ಎಲ್ಲೆಡೆ ಇದ್ದವು, ಮೊದಲ 12 ವಾರಗಳಲ್ಲಿ ಗರ್ಭಪಾತದ ಹಕ್ಕು 1972ರಿಂದಲೇ ಇತ್ತು. ಪಶ್ಚಿಮದಲ್ಲಿ 1977ರವರೆಗೆ ಹೆಂಡತಿ ಹೊರಗೆ ದುಡಿಯುವುದು ಮನೆವಾರ್ತೆಯ ಕರ್ತವ್ಯಗಳಿಗೆ ಹೊಂದಿಕೊಂಡಿದ್ದರೆ ಮಾತ್ರ ಎಂದು ಕಾನೂನೇ ಹೇಳುತ್ತಿತ್ತು. ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿ ಹೆಂಗಸರು ಗಂಡಸರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ನಿರುದ್ಯೋಗಿಗಳಾದರು. ಗರ್ಭಪಾತದ ಬಗ್ಗೆ ಸಂಸತ್ತು 1992ರಲ್ಲಿ ಮಾಡಿದ ಉದಾರ ಕಾನೂನನ್ನು ಮರುವರ್ಷ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು. 1995ರಲ್ಲಿ, ಕಡ್ಡಾಯ ಸಮಾಲೋಚನೆ ಪಡೆದರೆ ಶಿಕ್ಷೆಯಿಲ್ಲ, ಆದರೆ ಕೃತ್ಯ ಕಾನೂನುಬಾಹಿರವೇ ಎಂಬ ವಿಚಿತ್ರ ರಾಜಿ ಏರ್ಪಟ್ಟಿತು. ಹಳೆಯ ರೂಢಿ ಪೂರ್ತಿ ಅಳಿದಿಲ್ಲ ಎಂಬುದಕ್ಕೆ ಒಂದು ಅಂಕಿ: 2023ರಲ್ಲಿ ಪಶ್ಚಿಮದಲ್ಲಿ ಹೆಣ್ಣು ಗಂಡಿನ ವೇತನ ಅಂತರ ಶೇ. 19 ಇದ್ದರೆ, ಪೂರ್ವದಲ್ಲಿ ಶೇ. 7.

ಇಂತಹ ಭಯವೇ 1994ರ ಜನಮತದ ವೇಳೆ ಸ್ವೀಡನ್‌ನಲ್ಲೂ ನಾರ್ವೆಯಲ್ಲೂ ಇತ್ತು. ಒಕ್ಕೂಟ ಸೇರಿದರೆ ತಮ್ಮ ಕಲ್ಯಾಣ ವ್ಯವಸ್ಥೆ ಸೊರಗುತ್ತದೆಂದು ಶಂಕಿಸಿ ಗಂಡಸರಿಗಿಂತ ಹೆಚ್ಚು ಹೆಂಗಸರು ಬೇಡವೆಂದರು. ಸ್ವೀಡನ್ ಹೇಗೋ ಸೇರಿತು, ನಾರ್ವೆ ಹೊರಗುಳಿಯಿತು. ಆ ಶಂಕೆ ಪೂರ್ತಿ ಆಧಾರರಹಿತವಾಗಿರಲಿಲ್ಲ. ಸಮಾನತೆಯ ನಿಯಮವು ಇಬ್ಬರನ್ನೂ ಮೇಲಕ್ಕೆತ್ತಬೇಕೆಂದು ಹೇಳುವುದಿಲ್ಲ, ಒಂದೇ ಮಟ್ಟಕ್ಕೆ ತಂದರೆ ಸಾಕೆನ್ನುತ್ತದೆ. ಹೆಂಗಸರಿಗೆ ರಾತ್ರಿ ಪಾಳಿಯಿಂದ ರಕ್ಷಣೆ ನೀಡುತ್ತಿದ್ದ ಫ್ರಾನ್ಸ್‌ನ ನಿಯಮವನ್ನು 1991ರಲ್ಲಿ ನ್ಯಾಯಾಲಯ ತಾರತಮ್ಯವೆಂದಿತು, ಹತ್ತು ವರ್ಷ ಎಳೆದಾಡಿ ಫ್ರಾನ್ಸ್ ಅದನ್ನು ಕೈಬಿಟ್ಟಿತು. ಖಾಸಗಿ ಪಿಂಚಣಿ ಯೋಜನೆಗಳಲ್ಲಿ ಅರವತ್ತಕ್ಕೆ ನಿವೃತ್ತರಾಗುತ್ತಿದ್ದ ಹೆಂಗಸರ ವಯಸ್ಸನ್ನು ಗಂಡಸರ ಅರವತ್ತೈದಕ್ಕೆ ಏರಿಸುವುದೂ ಸರಿಯೆನಿಸಿತು. 2008ರ ಹಣಕಾಸು ಬಿಕ್ಕಟ್ಟಿನ ನಂತರ ಸಾಲದ ಷರತ್ತಿನಂತೆ ಗ್ರೀಸ್ 2012ರಲ್ಲಿ ಕನಿಷ್ಠ ವೇತನವನ್ನು ಶೇ. 22ರಷ್ಟು ಕಡಿತ ಮಾಡಿದಾಗ, ಕನಿಷ್ಠ ವೇತನಕ್ಕೇ ದುಡಿಯುವವರಲ್ಲಿ ಹೆಂಗಸರು ಎಷ್ಟಿದ್ದಾರೆಂದು ಯಾರೂ ಮುಂಚಿತವಾಗಿ ಲೆಕ್ಕ ಹಾಕಲಿಲ್ಲ. ಎಲ್ಲ ನೀತಿಗಳಲ್ಲೂ ಲಿಂಗ ಸಮಾನತೆಯನ್ನು ಪರಿಗಣಿಸಬೇಕೆಂದು 1997ರ ಆಮ್‌ಸ್ಟರ್‌ಡ್ಯಾಮ್ ಒಪ್ಪಂದ ಹೇಳಿತ್ತು. ಹಣಕಾಸಿನ ಮೇಜಿನ ಮುಂದೆ ಆ ಮಾತು ನೆನಪಿಗೆ ಬಂದಂತಿಲ್ಲ.

ಒಕ್ಕೂಟ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಒಂದೇ ಉದಾಹರಣೆ. ಬಿಟ್ಟ ಮರುದಿನ ಯಾರ ಹಕ್ಕೂ ಹಾರಿಹೋಗಲಿಲ್ಲ. ಐರೋಪ್ಯ ತೀರ್ಪುಗಳಿಂದ ಬಂದ ಹಲವು ತತ್ತ್ವಗಳನ್ನು 2024ರ ಜನವರಿಯಿಂದ ಬ್ರಿಟನ್ ತನ್ನ ಸ್ವಂತ ಸಮಾನತಾ ಕಾಯ್ದೆಯಲ್ಲೇ ಬರೆದುಕೊಂಡಿತು. ಹೋದದ್ದು ಹಕ್ಕಲ್ಲ, ಹಕ್ಕಿನ ಕೆಳಗಿದ್ದ ಆಸರೆ. ಹೆಲೆನ್ ಮಾರ್ಷಲ್ ಎಂಬ ಪಥ್ಯಾಹಾರ ತಜ್ಞೆಯನ್ನು, ಗಂಡಸರಿಗೆ ಅರವತ್ತೈದರವರೆಗೆ ಅವಕಾಶವಿದ್ದರೂ, ಅರವತ್ತೆರಡಕ್ಕೆ ಕೆಲಸದಿಂದ ತೆಗೆದಾಗ ಅವರಿಗೆ ನಿಗದಿಯಾದ ಪರಿಹಾರ 19,405 ಪೌಂಡ್. ಬ್ರಿಟನ್ನಿನ ಕಾನೂನು ಹಾಕಿದ್ದ ಗರಿಷ್ಠ ಮಿತಿ 6,250. ಆ ಮಿತಿ ಸಲ್ಲದೆಂದು 1993ರಲ್ಲಿ ಲಕ್ಸೆಂಬರ್ಗ್ ಹೇಳಿದ್ದರಿಂದ ಅದು ರದ್ದಾಯಿತು. ಇಂದು ಮುಂದಿನ ಯಾವುದಾದರೂ ಸರ್ಕಾರ ಅಂತಹ ಮಿತಿಯನ್ನು ಮತ್ತೆ ತರಬೇಕೆಂದರೆ ಸಂಸತ್ತಿನಲ್ಲಿ ಬಹುಮತ ಸಾಕು.

ಅಂಕಿ ಅಂಶಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ವಿಲ್ನಿಯಸ್‌ನಲ್ಲಿರುವ ಐರೋಪ್ಯ ಲಿಂಗ ಸಮಾನತಾ ಸಂಸ್ಥೆಯ 2023ರ ಸೂಚ್ಯಂಕದಲ್ಲಿ ಒಕ್ಕೂಟದ ಸರಾಸರಿ ನೂರಕ್ಕೆ 70.2, ಸ್ವೀಡನ್ 82.2, ರೊಮೇನಿಯಾ 56.1. ಒಂದೇ ಕಾನೂನಿನ ಕೆಳಗೆ ಇಷ್ಟು ದೊಡ್ಡ ಅಂತರವಿರುವುದೇ ಸದಸ್ಯತ್ವ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಸಾಕ್ಷಿ. ವೇತನ ಅಂತರದ ಅಂಕಿಯಂತೂ ಇನ್ನೂ ಮೋಸ ಮಾಡುತ್ತದೆ: 2022ರಲ್ಲಿ ಒಕ್ಕೂಟದ ಸರಾಸರಿ ಶೇ. 12.7 ಇದ್ದಾಗ ಇಟಲಿಯದು ಅದರ ಅರ್ಧಕ್ಕಿಂತಲೂ ಕಡಿಮೆ. ಇಟಲಿ ಮಾದರಿ ದೇಶವೆಂದು ಇದರ ಅರ್ಥವಲ್ಲ. ಕಡಿಮೆ ಸಂಬಳ ಪಡೆಯಬಹುದಾಗಿದ್ದ ಬಹಳಷ್ಟು ಹೆಂಗಸರು ಅಲ್ಲಿ ಉದ್ಯೋಗಕ್ಕೇ ಬಂದಿಲ್ಲವಾದ್ದರಿಂದ ಲೆಕ್ಕಕ್ಕೂ ಬಂದಿಲ್ಲ.

ನಿಮ್ಮ ನಾರ್ವೆಗೆ ಮರಳುವುದಾದರೆ, ಕಲಿಕೆ ಹೊರಗಿನಿಂದ ಒಳಕ್ಕೂ ಹರಿಯುತ್ತದೆ. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಶೇ. 40ರಷ್ಟು ಮಹಿಳೆಯರಿರಬೇಕೆಂಬ ಕಾನೂನನ್ನು ನಾರ್ವೆ 2003ರಲ್ಲೇ ಮಾಡಿತು. ಅದೇ ವಿಚಾರವನ್ನು ಐರೋಪ್ಯ ಆಯೋಗ 2012ರಲ್ಲಿ ಮುಂದಿಟ್ಟಾಗ ಸದಸ್ಯ ರಾಷ್ಟ್ರಗಳು ಹತ್ತು ವರ್ಷ ತಡೆಹಿಡಿದವು. ಅದು ನಿರ್ದೇಶನವಾದದ್ದು 2022ರ ಕೊನೆಯಲ್ಲಿ.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಬದಲಾವಣೆ 2023ರ ವೇತನ ಪಾರದರ್ಶಕತೆಯ ನಿರ್ದೇಶನ. ಸದಸ್ಯ ರಾಷ್ಟ್ರಗಳು ಅದನ್ನು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲು ನಿಗದಿಯಾದ ದಿನ 2026ರ ಜೂನ್ 7. ಡೆಫ್ರೆನ್ ಅವರಿಗೆ ಪಕ್ಕದಲ್ಲೇ ದುಡಿಯುವ ಗಂಡಸಿನ ಸಂಬಳ ತಿಳಿದಿತ್ತು. ಇಂದು ಬಹುತೇಕ ಹೆಂಗಸರಿಗೆ ಅದು ತಿಳಿದಿರುವುದಿಲ್ಲ, ತಿಳಿಯದ ಅನ್ಯಾಯಕ್ಕೆ ಮೊಕದ್ದಮೆ ಹೂಡಲು ಬರುವುದಿಲ್ಲ. ಈ ನಿರ್ದೇಶನದ ಪ್ರಕಾರ, ತನ್ನಂಥದ್ದೇ ಅಥವಾ ಸಮಾನ ಮೌಲ್ಯದ ಕೆಲಸ ಮಾಡುವವರ ಸರಾಸರಿ ವೇತನ, ಹೆಣ್ಣು ಗಂಡು ಎಂದು ವಿಂಗಡಿಸಿ, ಎಷ್ಟಿದೆ ಎಂಬುದನ್ನು ಉದ್ಯೋಗಿ ಲಿಖಿತವಾಗಿ ಕೇಳಿ ಪಡೆಯಬಹುದು. ಸಂದರ್ಶನಕ್ಕೆ ಬಂದವರನ್ನು ಹಿಂದಿನ ಸಂಬಳ ಎಷ್ಟಿತ್ತೆಂದು ಮಾಲೀಕ ಕೇಳುವಂತಿಲ್ಲ. ನೂರು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯ ಒಂದೇ ವರ್ಗದ ಕೆಲಸದಲ್ಲಿ ಶೇ. 5 ಅಥವಾ ಅದಕ್ಕೂ ಹೆಚ್ಚಿನ ಅಂತರ ಕಂಡು, ಅದಕ್ಕೆ ಸಮರ್ಥನೆ ಇಲ್ಲದೆ, ಆರು ತಿಂಗಳೊಳಗೆ ಸರಿಪಡಿಸದೆಯೂ ಹೋದರೆ, ನೌಕರರ ಪ್ರತಿನಿಧಿಗಳ ಜೊತೆ ಕುಳಿತು ಪರಿಶೀಲಿಸುವುದು ಕಡ್ಡಾಯ. ಹಂಗೇರಿಯ ಒಬ್ಬ ಗುಮಾಸ್ತೆಗೂ ಸ್ವೀಡನ್ನಿನ ಒಬ್ಬ ಎಂಜಿನಿಯರಳಿಗೂ ಈ ಕಾಗದ ಕೇಳುವ ಹಕ್ಕು ಒಂದೇ. ಯಾವ ದೇಶದಲ್ಲಿ ಎಷ್ಟು ಮಂದಿ ಅದನ್ನು ಕೇಳುತ್ತಾರೆ, ಕೇಳಿದವರ ಬೆನ್ನಿಗೆ ಕಾರ್ಮಿಕ ಸಂಘವೂ ವಕೀಲರೂ ನಿಲ್ಲುತ್ತಾರೆಯೇ ಎಂಬುದರಲ್ಲಿ ನೀವು ಗಮನಿಸಿದ ಆ ಅಂತರ ಮತ್ತೆ ಕಾಣಿಸಿಕೊಳ್ಳುತ್ತದೆ.